ತಡಕ್ಕೆ ತಕ್ಕ ಕಾರಣ

ಮಂಚದ ಕಾಲಡಿಯಲ್ಲಿದ್ದ ಇಟ್ಟಿಗೆಯನ್ನು ಮಗಳು ಎಳೆಯುತ್ತಿದ್ದಳು. ತಾಯಿಯ ಅಂಗಡಿ ಸಾಲಿನ ಕೋಟು ಟೈಲರ್ ಆ ತುದಿಯನ್ನು ಎತ್ತಿ ಹಿಡಿದುಕೊಂಡು, "ಬೇಗ ಮಗೂ, ನನ್ನ ಸೊಂಟ ನನ್ನ ಮಾತು ಕೇಳೋದು ಬಿಟ್ಟು ಬಹಳ ವರ್ಷ ಆಯ್ತು" ಎನ್ನುತ್ತಿದ್ದರು. ಇಟ್ಟಿಗೆ ಈಚೆ ಬಂತು, ಮಂಚ ದಡಕ್ಕೆಂದು ನೆಲಕ್ಕೆ ಕೂತಿತು. ಇಬ್ಬರೂ ಸೇರಿ ಅದನ್ನು ಅಡ್ಡ ತಿರುಗಿಸಿ, ಅಡುಗೆಮನೆ ದಾಟಿಸಿ, ಹಿತ್ತಲಿನ ಗೋಡೆಗೆ ಒರಗಿಸಿ ಬಂದರು. ತಾಯಿಯನ್ನು ಆಗಲೇ ಮುಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿಯಾಗಿತ್ತು. ಇರುವುದು ಎರಡೇ ಕೋಣೆಯ ಬಾಡಿಗೆ ಮನೆ, ಮಂಚ ಹೊರಗೆ ಹೋಗದಿದ್ದರೆ ಬಂದವರು ಕೂರುವುದಾದರೂ ಎಲ್ಲಿ?

ಬರುವವರು ಬಹಳ ಜನರಿದ್ದರು. ತಾಯಿಗೆ ಬೀದಿಯವರು ಇಟ್ಟ ಹೆಸರು ಕಾಜಾ ಅಕ್ಕ. ಟೈಲರ್ ಅಂಗಡಿಗಳ ಸಾಲಿನಲ್ಲಿ ಮೆಟ್ಟಿಲ ಕೆಳಗೆ ಒಂದು ಮೆಷಿನ್ ಹಾಕಿಕೊಂಡು, ಬೇರೆಯವರು ಹೊಲಿದ ಬಟ್ಟೆಗೆ ಕಾಜಾ ತೆಗೆದು ಗುಂಡಿ ಹಚ್ಚುತ್ತ ಜೀವನ ತೆಗೆದವಳು. "ಈ ಊರಿನ ಅರ್ಧ ಗಂಡಸರ ಮಾನ ನನ್ನ ಕೈಲಿದೆ" ಎಂದು ನಗುತ್ತಿದ್ದಳು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋದ ಮೇಲೆ ಆ ನಗುವೂ ಒಂದೇ ಕಡೆಗೆ ಬರುತ್ತಿತ್ತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವಳು ಇವತ್ತು ಬೆಳಗಿನ ಜಾವ ಹೋಗಿಬಿಟ್ಟಿದ್ದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಮಾವ ಬಂದ. ತಾಯಿಯ ಒಡಹುಟ್ಟಿದ ಅಣ್ಣ. ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದು ಕಂಕುಳಲ್ಲಿ ಫೈಲು.

ಹಾರವನ್ನು ಅವನು ತಂಗಿಯ ಕಾಲ ಬಳಿ ಇಟ್ಟ. ಫೈಲನ್ನು ಕೆಳಗಿಡಲಿಲ್ಲ. ಕರ್ಚೀಫು ತೆಗೆದು ಕಣ್ಣಿಗೆ ಒತ್ತಿಕೊಂಡು, ಗೋಡೆಗೆ ಒರಗಿ ಕೂತ. ಮೇಲ್ಮನೆಯ ಟೀಚರು ಮಗಳ ಕಿವಿಯ ಹತ್ತಿರ ಬಗ್ಗಿದರು. ನಿವೃತ್ತರಾದರೂ ಗುಟ್ಟು ಹೇಳುವಾಗ ಕೊನೆಯ ಬೆಂಚಿಗೂ ಕೇಳಿಸುವ ಗಂಟಲು ಅವರದು.

"ಇವ್ರೇನಾ ನಿಮ್ಮ ಮಾವ? ಇಷ್ಟು ತಿಂಗಳಲ್ಲಿ ನಾನು ನೋಡೇ ಇಲ್ವಲ್ಲ."

"ಒಂದು ಸಲ ಬಂದಿದ್ರು ಟೀಚರ್. ಬಾಗಿಲಲ್ಲಿ ನಿಂತು ಮೂಗಿಗೆ ಕರ್ಚೀಫು ಹಿಡ್ಕೊಂಡು ವಾಪಸ್ ಹೋದ್ರು."

ಮಾವ ಕೇಳಿಸದವನಂತೆ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟೊತ್ತಿಗೆ ತೆಗೀತೀರಿ?" ಎಂದ.

"ಸ್ಮಶಾನದಲ್ಲಿ ಐದಕ್ಕೆ ಸರದಿ ಸಿಕ್ಕಿದೆ" ಎಂದರು ಟೈಲರ್.

"ಐದಾ? ಹಾಗಾದ್ರೆ ಟೈಮಿದೆ" ಎಂದುಬಿಟ್ಟ ಮಾವ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ತಿಳಿದು ಮತ್ತೊಮ್ಮೆ ಕರ್ಚೀಫು ತೆಗೆದ. ಆಮೇಲೆ ಮಗಳ ಕಡೆಗೆ ಕಣ್ಣು ಮಾಡಿ, "ಮಗೂ, ಒಂದ್ನಿಮಿಷ ಒಳಗೆ ಬಾ" ಎಂದ.

ಅಡುಗೆಮನೆಯಲ್ಲಿ ಅವನು ಕಟ್ಟೆಯ ಮೇಲೆ ಫೈಲು ಬಿಚ್ಚಿದ. ಸಂಗತಿ ಇಷ್ಟು. ರಸ್ತೆ ಅಗಲ ಮಾಡಲು ಅವನ ಮನೆಯನ್ನು ಸರ್ಕಾರ ತೆಗೆದುಕೊಳ್ಳುವ ಆದೇಶವಾಗಿತ್ತು. ಅದನ್ನು ಪ್ರಶ್ನಿಸುವ ಗಡುವು ಎಂದೋ ಮುಗಿದಿತ್ತು. ಯಾರೋ ಒಬ್ಬ ಅಧಿಕಾರಿ, ರಸ್ತೆಯ ಗೆರೆಯನ್ನು ಎದುರು ಸಾಲಿಗೆ ಸರಿಸುತ್ತೇನೆಂದು ಮೂಗಿಗೆ ತುಪ್ಪ ಸವರುತ್ತ ಬಂದಿದ್ದನಂತೆ, ಇವನು ಅದನ್ನು ನಂಬಿ ಕೂತಿದ್ದನಂತೆ. ತಕ್ಕ ಕಾರಣ ತೋರಿಸಿದರೆ ಗಡುವಿನ ಮೇಲೂ ಇನ್ನೊಂದಿಷ್ಟು ದಿನದ ರಿಯಾಯಿತಿ ಕೊಡುತ್ತದೆ ಆ ಕಾಯ್ದೆ. ಅದೂ ಮುಗಿದರೆ ಆಯಿತು, ಆಮೇಲೆ ಯಾವ ಜಡ್ಜಿಗೂ ತಡವನ್ನು ಮನ್ನಿಸುವ ಅಧಿಕಾರವಿಲ್ಲ. ಆ ರಿಯಾಯಿತಿಯ ಕೊನೆಯ ದಿನ ಇವತ್ತು.

"ನಾಲ್ಕೂವರೆಗೆ ಕೌಂಟರ್ ಮುಚ್ತಾರೆ. ವಕೀಲ್ರು, ನೋಟರಿ ಎಲ್ಲ ಅಲ್ಲೇ ಕಾಯ್ತಿದಾರೆ. ನೀನೊಂದು ಸೈನ್ ಹಾಕು, ಡಾಕ್ಟ್ರು ಬರೆದುಕೊಟ್ಟ ಸಾವಿನ ಚೀಟಿ ಕೊಡು, ಅಷ್ಟೇ. ನಿನಗೆ ಹೇಳಬೇಕಾ, ಇದೇ ಕೆಲಸದಲ್ಲಿ ಇರೋಳು ನೀನು."

ನಿಜ, ಅವಳು ಇದೇ ಕೆಲಸದಲ್ಲಿದ್ದಳು. ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ವಿಳಂಬ ಮನ್ನಾ ಅರ್ಜಿಗಳನ್ನು ಟೈಪ್ ಮಾಡಿ ಮಾಡಿ ಅವಳ ಬೆರಳು ಸವೆದಿದ್ದವು. ಕಾಮಾಲೆ, ಟೈಫಾಯ್ಡು, ಮೆಟ್ಟಿಲಿನಿಂದ ಜಾರಿ ಬಿದ್ದದ್ದು, ಎಲ್ಲ ಸಬೂಬೂ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತಿತ್ತು, ಹೆಸರು ಬದಲಾಯಿಸಿದರೆ ಸಾಕು. ಅವಳು ಕಾಗದ ಎತ್ತಿಕೊಂಡು ಓದಿದಳು.

'ಅರ್ಜಿದಾರರ ಏಕೈಕ ಸಹೋದರಿಯು ಪಾರ್ಶ್ವವಾಯು ಪೀಡಿತರಾಗಿ ಹಾಸಿಗೆ ಹಿಡಿದಿದ್ದು, ನೋಡಿಕೊಳ್ಳಲು ಬೇರಾರೂ ಇಲ್ಲದ ಕಾರಣ ಅರ್ಜಿದಾರರು ಹಗಲಿರುಳು ಆಕೆಯ ಶುಶ್ರೂಷೆಯಲ್ಲಿ ತೊಡಗಿದ್ದು...'

ಸಹೋದರಿ ಎಂಬ ಪದದ ಮುಂದೆ ಪೆನ್ನಿನಲ್ಲಿ 'ದಿವಂಗತ' ಎಂದು ಸೇರಿಸಲಾಗಿತ್ತು. ಎಂದರೆ ಕಾಗದ ನಿನ್ನೆಯೇ ಸಿದ್ಧವಾಗಿತ್ತು, ಸಾವಿನ ಸುದ್ದಿ ಬಂದ ಮೇಲೆ ತಿದ್ದಿಕೊಂಡಿದ್ದರು. ಕೆಳಗಿನ ಹಾಳೆ ಅವಳ ಹೆಸರಿನದು. ಮೇಲೆ ಹೇಳಿದ್ದೆಲ್ಲ ಸತ್ಯ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅವಳು ಪ್ರಮಾಣ ಮಾಡಬೇಕಾಗಿತ್ತು.

"ನೋಡಿಕೊಳ್ಳಲು ಬೇರಾರೂ ಇಲ್ಲದ ಕಾರಣ" ಎಂದು ಅವಳು ಗಟ್ಟಿಯಾಗಿ ಓದಿದಳು. "ನಾನು ಎಲ್ಲಿದ್ದೆ ಮಾವ?"

"ಅದು ವಕೀಲರ ಭಾಷೆ ಕಣಮ್ಮ. ಬೇರೆ ಏನು ಬರೆದ್ರೂ ಪುರಾವೆ ಬೇಕು. ಇದಕ್ಕಾದ್ರೆ..." ಮಾವ ಮುಂದಿನ ಕೋಣೆಯ ಕಡೆಗೆ ನೋಡಿದ. ಆಮೇಲೆ ದನಿ ತಗ್ಗಿಸಿ, "ಹಳೇದನ್ನೆಲ್ಲ ಹೊಟ್ಟೆಗೆ ಹಾಕ್ಕೊ. ಅದು ನಿನ್ನ ಅಮ್ಮ ಹುಟ್ಟಿದ ಮನೇನೂ ಹೌದಲ್ವಾ?" ಎಂದ.

ಹಳೆಯದು ಎಂದು ಅವನೇ ಬಾಯಿ ಬಿಟ್ಟು ಹೇಳಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಅವಳೇ ಎತ್ತಬೇಕಾಗುತ್ತಿತ್ತು.

*

ಆ ಮನೆಗಾಗಿ ಅಣ್ಣ ತಂಗಿ ಕೋರ್ಟು ಹತ್ತಿದ್ದರು. ತಂದೆ ಎಲ್ಲವನ್ನೂ ಮಗನಿಗೇ ಬರೆದಿದ್ದಾರೆಂಬ ಒಂದು ಉಯಿಲು ಅವರು ಸತ್ತ ಮೇಲೆ ಹೊರಬಂದಿತ್ತು. ಅದರಲ್ಲಿದ್ದ ರುಜು ಅಪ್ಪನದಲ್ಲ ಎಂದು ತಂಗಿ ಹೇಳಿದಳು, ಕೆಳಗಿನ ಕೋರ್ಟು ಅಣ್ಣನನ್ನು ನಂಬಿತು. ಮೇಲಿನ ಕೋರ್ಟಿಗೆ ಹೋಗಲು ಗಡುವು ಇನ್ನೂ ಇತ್ತು. ವಕೀಲರೊಬ್ಬರು ಫೀಸಿಲ್ಲದೆ ಒಪ್ಪಿಕೊಂಡಿದ್ದರು, ಅವರ ಕರಿಕೋಟಿಗೆ ಜನ್ಮಪೂರ್ತಿ ಕಾಜಾ ಗುಂಡಿ ಇವಳದೇ ಎಂಬ ಒಪ್ಪಂದದ ಮೇಲೆ.

ಅಷ್ಟರಲ್ಲಿ ಮಾವ ಸ್ಕೂಟರಿನಿಂದ ಬಿದ್ದು ಸೊಂಟ ಮುರಿದುಕೊಂಡ. ಅತ್ತೆ ತನ್ನ ಮಗಳ ಬಾಣಂತನಕ್ಕೆಂದು ದೂರದ ಊರಿನಲ್ಲಿದ್ದಳು, ಎಳೆಗೂಸನ್ನು ಬಿಟ್ಟು ಹೇಗೆ ಬರಲಿ ಎಂದಳು. ಸುದ್ದಿ ಕೇಳಿದ ಸಂಜೆಯೇ ತಾಯಿ ಮೆಷಿನ್ನಿಗೆ ಹೊದಿಕೆ ಹಾಕಿ, ಒಂದು ಚೀಲದಲ್ಲಿ ಸೀರೆ ತುಂಬಿಕೊಂಡಳು.

"ನಿನಗೇನು ತಲೆ ಕೆಟ್ಟಿದೆಯಾ ಅಮ್ಮ? ನಾಳೆ ವಕೀಲರ ಹತ್ರ ಹೋಗ್ಬೇಕಲ್ವಾ?"

"ಕೋರ್ಟು ಎಲ್ಲಿಗೂ ಓಡಿಹೋಗಲ್ಲ ಕಣೆ. ಅಣ್ಣ ಎದ್ದು ಕೂರೋಕಾಗದೆ ಬಿದ್ದಿದಾನೆ. ಒಬ್ರೂ ಇಲ್ಲ."

ಹೋದವಳು ಅವನು ಊರುಗೋಲು ಹಿಡಿದು ಓಡಾಡುವವರೆಗೂ ತಿರುಗಿ ಬರಲಿಲ್ಲ. ವಾರ್ಡಿನಲ್ಲಿ ಮಂಚದ ಕೆಳಗೆ ಮಲಗಿದಳು. ಮಲಮೂತ್ರ ತೆಗೆದಳು, ಗಡ್ಡ ಹೆರೆದಳು. ಮಗಳು ಊಟದ ಡಬ್ಬಿ ಒಯ್ದಾಗ ಮಾವ ಸೂರು ನೋಡುತ್ತ ಮಲಗಿರುತ್ತಿದ್ದ, ತಾಯಿ ಅವನ ಬಾಯಿಗೆ ಚಮಚ ಹಿಡಿದಿರುತ್ತಿದ್ದಳು. ಕೇಸಿನ ಮಾತು ಇಬ್ಬರೂ ಎತ್ತಲಿಲ್ಲ. ಅಲ್ಲೇ, ಆ ಮಂಚದ ಪಕ್ಕದಲ್ಲೇ ಗಡುವು ಮುಗಿದುಹೋಯಿತು.

ಕೊನೆಗೆ ವಕೀಲರ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು ನಕ್ಕರು.

"ಎದುರಾಳಿಯ ಗಡ್ಡ ಹೆರೀತಾ ಕೂತಿದ್ದೆ ಅಂತ ಬರೆಯೋಕಾಗುತ್ತಾ ಕಾಜಾ ಅಕ್ಕ? ಜಡ್ಜು ನಗ್ತಾರೆ. ನೀವಿಬ್ರೂ ರಾಜಿಯಾಗಿದೀರಿ ಅಂತ ಎದುರಿನವರು ವಾದ ಎಬ್ಬಿಸ್ತಾರೆ. ನಿಮಗೆ ಕಾಮಾಲೆ ಆಗಿತ್ತು ಅಂತ ಹಾಕೋಣ. ಕಾಮಾಲೆಗೆ ಇಲ್ಲ ಅಂದ ಜಡ್ಜನ್ನ ನಾನಂತೂ ನೋಡಿಲ್ಲ."

"ನನಗೆ ಏನೂ ಆಗಿರ್ಲಿಲ್ಲವಲ್ಲ ಸಾರ್."

"ಎಲ್ಲರೂ ಹಾಕೋದೇ ಅಕ್ಕ. ಸರ್ಟಿಫಿಕೇಟು ನಾನು ತರಿಸ್ತೀನಿ."

ತಾಯಿ ಮಗಳ ಮುಖ ನೋಡಿದಳು. ಆಮೇಲೆ ಸೈನ್ ಹಾಕಿದಳು. ಜೀವಮಾನದಲ್ಲಿ ಅವಳು ಬರಹದಲ್ಲಿ ಹೇಳಿದ ಸುಳ್ಳು ಅದೊಂದೇ.

*

"ಸೈನ್ ಹಾಕ್ತೀನಿ ಮಾವ" ಎಂದಳು ಮಗಳು. "ಸುಳ್ಳಿಗೆ ಹಾಕಲ್ಲ. ಇದನ್ನ ನಿಜ ಮಾಡಿ, ಹಾಕ್ತೀನಿ."

"ನಿಜ ಮಾಡೋದು ಅಂದ್ರೆ?"

ಅವಳು ಹಿತ್ತಲಿನ ಬಾಗಿಲು ತೆರೆದು ಬಚ್ಚಲು ತೋರಿಸಿದಳು. ತಾಯಿಯ ಕೊನೆಯ ರಾತ್ರಿಯ ಬಟ್ಟೆಗಳು ಎರಡು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಬೆಡ್‌ಶೀಟುಗಳು, ಒರೆಸುವ ಬಟ್ಟೆ, ಮಡಿಸಿಟ್ಟ ರಬ್ಬರ್ ಶೀಟು. ಬೆಳಗಿನಿಂದ ಅವಕ್ಕೆ ಕೈ ಹಚ್ಚಲು ಯಾರಿಗೂ ಬಿಡುವಾಗಿರಲಿಲ್ಲ. ವಾಸನೆ ಅಡುಗೆಮನೆಯವರೆಗೂ ಬಂತು.

"ಹಗಲಿರುಳು ಶುಶ್ರೂಷೆ ಮಾಡಿದೀರಿ ಅಂತ ನಾನು ಪ್ರಮಾಣ ಮಾಡ್ಬೇಕು. ರಾತ್ರಿದನ್ನೆಲ್ಲ ಬಿಟ್ಬಿಡ್ತೀನಿ. ಹಗಲಿಂದು ಒಂದಿಷ್ಟು ಮಾಡಿ. ಕಣ್ಣಾರೆ ಕಂಡಿದೀನಿ ಅಂತ ನಾನೂ ಧೈರ್ಯವಾಗಿ ಬರೀಬಹುದು."

ಅವನು ಸಿಡುಕುತ್ತಾನೆ, ಫೈಲು ಎತ್ತಿಕೊಂಡು ನಡೆದುಬಿಡುತ್ತಾನೆ ಎಂದು ಅವಳು ಎಣಿಸಿದ್ದಳು. ಹಾಗೆ ನಡೆಯಲಿ ಎಂದೇ ಆಸೆಪಟ್ಟಿದ್ದಳು. ಮಾವ ಒಮ್ಮೆ ಬಕೆಟ್ಟಿನ ಕಡೆ, ಒಮ್ಮೆ ಅವಳ ಕಡೆ ನೋಡಿದ. ಕೈಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟ. ಬಿಳಿ ಅಂಗಿಯ ತೋಳು ಮಡಿಸಿದ. ಮುರಿದು ಕೂಡಿದ ಸೊಂಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಕುಕ್ಕರುಗಾಲಲ್ಲಿ ಕೂತ.

ಮಗಳಿಗೆ ಖುಷಿಯಾಯಿತು. ತಾಯಿ ಸತ್ತ ದಿನ ಇಂಥ ಖುಷಿ ಆಗಬಾರದು ಎಂದೇನೂ ಅವಳಿಗೆ ಅನಿಸಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತು, ಬ್ರಷ್ಷು ಸೋಪು ಅವನ ಕಡೆಗೆ ತಳ್ಳಿದಳು.

ನೀರಿನ ಸದ್ದಿಗೆ ಮುಂದಿನ ಕೋಣೆಯ ಮಾತು ನಿಂತಿತು. ಟೈಲರ್ ಮೊದಲು ಬಂದು ಇಣುಕಿದರು.

"ಇದೇನು ಸಾರ್, ನೀವ್ಯಾಕೆ..."

"ಅಣ್ಣ ತಂಗಿಯ ಸೇವೆ ಮಾಡ್ತಿದಾರೆ ಅಂಕಲ್. ಕೋರ್ಟಿಗೆ ಹಾಗಂತ ಬರೆದುಕೊಟ್ಟಿದಾರೆ" ಎಂದಳು ಮಗಳು. ಟೈಲರ್ ತುಟಿ ಕಚ್ಚಿಕೊಂಡು ಒಳಗೆ ಹೋದರು. ಅವರು ಹೇಳಿದ ಮಾತು ಒಬ್ಬರ ಬಾಯಿಂದ ಒಬ್ಬರಿಗೆ ದಾಟಿತು. ಯಾರೋ ಮೂಗಿನಲ್ಲಿ ನಕ್ಕದ್ದು, ಇನ್ಯಾರೋ "ಶ್" ಎಂದದ್ದು ಹಿತ್ತಲಿಗೂ ಕೇಳಿಸಿತು.

ಮೇಲ್ಮನೆಯ ಟೀಚರು ಬಂದು ಅವಳ ಪಕ್ಕ ನಿಂತರು. "ಬಿಡಮ್ಮ, ವಯಸ್ಸಾದೋರು. ಹೆಣ ಮನೇಲಿದೆ. ನಿಮ್ಮಮ್ಮ ಇದ್ದಿದ್ರೆ ಹೊಟ್ಟೆಗೆ ಹಾಕ್ಕೊಂಡು ಬಿಡೋರು."

"ಹಾಕ್ಕೊಂಡು ಹಾಕ್ಕೊಂಡೇ ಹೀಗಾದ್ರು ಟೀಚರ್. ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ."

*

ಕಾಮಾಲೆಯ ಅರ್ಜಿ ವಿಚಾರಣೆಗೆ ಬಂದ ದಿನ ಕೋರ್ಟಿನಲ್ಲಿ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಗಳು. ಮಾವನ ವಕೀಲ ಎದ್ದು ನಿಂತು ಆಸ್ಪತ್ರೆಯ ಪಾಸುಗಳನ್ನು ಜಡ್ಜಿನ ಕೈಗೆ ಕೊಟ್ಟ. ರೋಗಿಯನ್ನು ನೋಡಿಕೊಳ್ಳುವವರಿಗೆ ವಾರ್ಡಿನಲ್ಲಿ ಕೊಡುವ ಪಾಸುಗಳು, ಪ್ರತಿಯೊಂದರಲ್ಲೂ ತಾಯಿಯ ರುಜು. ಕಾಮಾಲೆಯಾಗಿ ಏಳಲಾರದೆ ಮಲಗಿದ್ದೆ ಎನ್ನುವ ಈ ಹೆಂಗಸು ಆ ದಿನಗಳಲ್ಲೆಲ್ಲ ಆಸ್ಪತ್ರೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು ಸ್ವಾಮಿ, ಎಂದ. ನನ್ನ ಕಕ್ಷಿದಾರರು ಕಣ್ಣಾರೆ ಕಂಡಿದ್ದಾರೆ, ಎಂದ.

ಜಡ್ಜು ಮಾವನನ್ನೇ ಕೇಳಿದರು. "ಹೌದೇ?"

ಊರುಗೋಲಿನ ಮೇಲೆ ಭಾರ ಹಾಕಿ ನಿಂತಿದ್ದ ಮಾವ, "ಹೌದು ಸ್ವಾಮಿ. ಅವಳಿಗೆ ಕಾಯಿಲೆ ಏನೂ ಇರ್ಲಿಲ್ಲ. ದಿನಾ ಅಲ್ಲೇ ಇದ್ಲು" ಎಂದ. ಯಾಕಿದ್ದಳು ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ತಾಯಿ ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದಳು. ಅವಳ ವಕೀಲರೇ ಹಿಂದಕ್ಕೆ ತಿರುಗಿ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು.

ತಡವಾಗಿ ಬಂದವರನ್ನು ಕೋರ್ಟು ಒಳಗೆ ಬಿಟ್ಟುಕೊಳ್ಳುತ್ತದೆ, ಎಂದರು ಜಡ್ಜು. ತಡಕ್ಕೆ ನಿಜವಾದ ಕಾರಣವಿದ್ದರೆ ದಿನ ಲೆಕ್ಕ ಹಾಕುತ್ತ ಕೂರುವುದಿಲ್ಲ, ಆದರೆ ಸುಳ್ಳು ಕಾರಣ ಹಿಡಿದು ಬಂದವರಿಗೆ ಒಂದು ದಿನವೂ ಇಲ್ಲ. ಅರ್ಜಿ ವಜಾ ಆಯಿತು. ಉಯಿಲಿನಲ್ಲಿದ್ದ ರುಜು ಅಪ್ಪನದೋ ಅಲ್ಲವೋ ಎಂದು ಯಾರೂ ನೋಡುವ ಪ್ರಮೇಯವೇ ಬರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಮಗಳು ಮಾವನಿಗೆ ಹಿಡಿಶಾಪ ಹಾಕಿದಳು. ಬಾಗಿಲ ಬೀಗ ತೆಗೆಯುವಾಗ ತಾಯಿ ಹೇಳಿದ್ದು ಇಷ್ಟು: "ಅವನು ಸುಳ್ಳು ಹೇಳ್ಲಿಲ್ಲ ಕಣೆ. ಹೇಳಿದ್ದು ನಾನು."

ಆ ಮಾತಿಗೇ ಮಗಳಿಗೆ ಹೆಚ್ಚು ಉರಿದದ್ದು. ಮನೆ ಹೋದದ್ದಲ್ಲದೆ ಸುಳ್ಳುಗಾತಿ ಎಂಬ ಪಟ್ಟವನ್ನೂ ತಲೆಯ ಮೇಲೆ ಹೊತ್ತುಕೊಂಡೇ ಅವಳಮ್ಮ ಉಳಿದ ವರ್ಷಗಳನ್ನು ಆ ಮೆಟ್ಟಿಲ ಕೆಳಗೆ ಬಗ್ಗಿಕೊಂಡು ಕಳೆದಳು.

*

ಕಟ್ಟೆಯ ಮೇಲೆ ಮಾವನ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿತ್ತು. ಅವನ ಕೈತುಂಬ ಸೋಪಿನ ನೊರೆ. ಮಗಳೇ ಎತ್ತಿದಳು. ಆ ಕಡೆ ವಕೀಲ.

"ಸಾರ್, ಎಲ್ಲಿದೀರಿ? ನೋಟರಿ ಹೊರಡ್ತೀನಿ ಅಂತಿದಾರೆ."

"ಅರ್ಜಿದಾರರು ಶುಶ್ರೂಷೆಯಲ್ಲಿ ತೊಡಗಿದ್ದಾರೆ" ಎಂದು ಹೇಳಿ ಅವಳು ಫೋನು ಇಟ್ಟಳು.

ಮಾವ ತಲೆ ಎತ್ತಲಿಲ್ಲ. ಮೊದಲನೆಯ ಶೀಟು ತೊಳೆದು ಪಕ್ಕಕ್ಕಿಟ್ಟು, "ಆಯ್ತಲ್ಲ ಮಗೂ?" ಎಂದ. ಅವಳು ಇನ್ನೊಂದು ಬಕೆಟ್ಟನ್ನು ಕಾಲಿನಿಂದ ಮುಂದಕ್ಕೆ ಸರಿಸಿದಳು. ಅವನು ಅದರೊಳಗೆ ಕೈ ಹಾಕಿ ದೊಡ್ಡ ಬೆಡ್‌ಶೀಟನ್ನು ಎಳೆದುಕೊಂಡ. ಕಲ್ಲಿನ ಮೇಲೆ ಹರಡಿ ಬ್ರಷ್ಷು ಹಾಕುತ್ತಿದ್ದವನು ನಡುವೆ ನಿಂತ.

"ಇದು ರಕ್ತಾನಾ?"

"ಬೆನ್ನಿನ ಹುಣ್ಣಿಂದು."

"ಹುಣ್ಣಾಗಿತ್ತಾ ಅವಳಿಗೆ?"

"ಮಲಗಿದಲ್ಲೇ ಇದ್ರೆ ಆಗುತ್ತಂತೆ. ಆಗಾಗ ಹೊರಳಿಸಿ ಮಲಗಿಸ್ಬೇಕು. ಹೊರಳಿಸೋಕೆ ಇಬ್ರು ಬೇಕಿತ್ತು. ನಾನು ಕೆಲಸಕ್ಕೆ ಹೋಗಿ ಬರೋವರೆಗೂ ಹಾಗೇ ಇರ್ತಿದ್ಲು." ಹೇಳುತ್ತ ಹೇಳುತ್ತ ಅವಳಿಗೆ ಅವನ ಮೇಲೆ ಸಿಟ್ಟು ಬಂತು. "ನಿಮಗೆ ಆಗಿತ್ತಾ ಮಾವ, ಆಸ್ಪತ್ರೇಲಿ?"

ಮಾವ ಬ್ರಷ್ಷನ್ನು ಕಲ್ಲಿನ ಮೇಲಿಟ್ಟ.

"ಇಲ್ಲ" ಎಂದ. "ಹೊರಳಿಸ್ತಿದ್ಲು. ರಾತ್ರಿ ಎಲ್ಲ ಎದ್ದೆದ್ದು ಹೊರಳಿಸ್ತಿದ್ಲು."

ಹಿಂದೆ ನಿಂತಿದ್ದ ಟೀಚರು ಕೇಳಿಸಿಕೊಂಡರು. ಟೈಲರ್ ಕೇಳಿಸಿಕೊಂಡರು. ಅಂದು ಕೋರ್ಟಿನಲ್ಲಿ ಆಡಬೇಕಾಗಿದ್ದ ಮಾತು ಬಚ್ಚಲಿನಲ್ಲಿ ಹೊರಬಂದಿತ್ತು. ಇಷ್ಟೇ ಸಾಕು, ಕೈ ಒರೆಸಿಕೊಂಡು ಹೋಗಲಿ ಎಂದು ಒಂದು ಕ್ಷಣ ಮಗಳಿಗೆ ಅನಿಸಿತು. ಪೆನ್ನು ಅವಳ ಜಡೆಯಲ್ಲೇ ಸಿಕ್ಕಿಸಿಕೊಂಡಿತ್ತು. ಡಾಕ್ಟರ ಚೀಟಿ ಕಪಾಟಿನಲ್ಲಿತ್ತು. ಕೋರ್ಟು ಇದ್ದದ್ದು ಪಕ್ಕದ ರಸ್ತೆಯಲ್ಲಿ, ಈಗ ಹೊರಟರೂ ಕೌಂಟರ್ ಸಿಗುತ್ತಿತ್ತು. ಹುಟ್ಟಿದ ಮನೆ ನೆಲಸಮವಾಗಲಿ ಎಂದು ತಾಯಿ ಒಂದು ದಿನವೂ ಬಯಸಿದವಳಲ್ಲ. ಅದೂ ಮಗಳಿಗೆ ಗೊತ್ತಿತ್ತು.

ಮಾವ ಮುಖ ಎತ್ತಿದ. "ಇಷ್ಟು ಸಾಕಾ ಮಗೂ? ಟೈಮಾಗ್ತಿದೆ" ಎಂದ.

ಅವಳು ಹೊಸ್ತಿಲಿನಿಂದ ಎದ್ದಳು, ಬಗ್ಗಿ ಬೆಡ್‌ಶೀಟನ್ನು ನೋಡಿದಳು.

"ಆ ಮೂಲೇಲಿ ಇನ್ನೂ ಕಲೆ ಇದೆ ಮಾವ."

ಅವನು ಅವಳನ್ನು ದಿಟ್ಟಿಸಿದ. ಅವನಿಗೆ ಅರ್ಥವಾಯಿತು. ಸೈನ್ ಹಾಕುವ ಮನಸ್ಸು ಅವಳಿಗೆ ಮೊದಲು ಇತ್ತೋ ಇಲ್ಲವೋ, ಈಗಂತೂ ಇಲ್ಲ ಎಂಬುದು ಅವಳ ಮುಖದ ಮೇಲೇ ಇತ್ತು. ಅವನು ಕೂಗಾಡಬಹುದಿತ್ತು. ಫೈಲು ಕಿತ್ತುಕೊಂಡು ಓಡಬಹುದಿತ್ತು. ಅವನು ಬ್ರಷ್ಷು ಎತ್ತಿಕೊಂಡು ಆ ಮೂಲೆಯನ್ನು ಉಜ್ಜತೊಡಗಿದ.

ಫೋನು ಇನ್ನೆರಡು ಸಲ ಬಡಿದುಕೊಂಡಿತು. ಆಮೇಲೆ ನಿಂತುಹೋಯಿತು. ಕಟ್ಟೆಯ ಮೇಲಿನ ಗಡಿಯಾರವನ್ನು ಮಗಳು ಕೈಗೆತ್ತಿಕೊಂಡು ನೋಡಿದಳು.

"ಕೌಂಟರ್ ಮುಚ್ಚಿದ್ರು ಮಾವ" ಎಂದಳು.

"ಹೂಂ" ಎಂದ ಅವನು, ಉಜ್ಜುವುದನ್ನು ನಿಲ್ಲಿಸದೆ.

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಒಳಗೆ ಜನ ಎದ್ದರು. "ಕಾಲಿನ ಕಡೆ ನಾನು ಹಿಡೀತೀನಿ, ತಲೆ ಕಡೆ ಗಟ್ಟಿ ಇರೋರು ಬನ್ನಿ" ಎಂದು ಟೈಲರ್ ಹೇಳುತ್ತಿದ್ದರು. ಮಾವ ನಲ್ಲಿ ಬಿಟ್ಟು ಬೆಡ್‌ಶೀಟಿನ ಸೋಪು ಹೋಗುವವರೆಗೂ ತೊಳೆದ. ಗೋಡೆ ಹಿಡಿದುಕೊಂಡು ಎದ್ದು ನಿಂತ. ಮಂಚದಗಲದ ಶೀಟು, ನೀರು ಕುಡಿದು ಭಾರವಾಗಿತ್ತು. ಅವನು ಒಂದು ತುದಿ ಹಿಡಿದು ಹಿಂಡಲು ನೋಡಿದ, ಇನ್ನೊಂದು ತುದಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಹೊಟ್ಟೆಗೆ ಒತ್ತಿ ತಿರುವಿದ, ಅದು ಅವನ ಜೊತೆಗೇ ಸುತ್ತಿಕೊಂಡಿತು. ಕೊನೆಗೆ ಬಿಡಿಸಿಕೊಂಡು, ಇನ್ನೊಂದು ತುದಿಯನ್ನು ಮಗಳ ಕಡೆಗೆ ಚಾಚಿದ.

ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತೇ ಇದ್ದಳು. ಮಾವ ತುದಿ ಚಾಚಿಕೊಂಡೇ ನಿಂತಿದ್ದ, ಶೀಟಿನಿಂದ ಇಳಿದ ನೀರು ಅವನ ಪ್ಯಾಂಟು ತೋಯಿಸಿಕೊಂಡು ಬಚ್ಚಲಿನ ತೂತಿನ ಕಡೆಗೆ ಹರಿಯುತ್ತಿತ್ತು.